ಅತ್ತಿಗೆಯ ಪಾತ್ರಕ್ಕೆ ಮೂರು ಗೆರೆ

ಮಣಿಪಾಲದಲ್ಲಿ ಓದುತ್ತಿದ್ದಷ್ಟು ಕಾಲ ಅಲ್ಲಿನ ಹವ್ಯಾಸಿ ನಾಟಕ ತಂಡಕ್ಕೆ ನಾನೇ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕುಳಿತು, ಯಾರಾದರೂ ಮಾತು ಮರೆತರೆ ಎತ್ತಿಕೊಡುವ ಕೆಲಸ. ಹಾಗೆ ಎತ್ತಿಕೊಟ್ಟಾಗಲೆಲ್ಲ ಡೈರಿಯಲ್ಲಿ ಅವರ ಎದುರು ಒಂದು ಗೆರೆ ಎಳೆಯುತ್ತಿದ್ದೆ. ಯಾರೂ ಹೇಳಿದ್ದಲ್ಲ, ನನ್ನದೇ ಅಭ್ಯಾಸ. ಬಸ್ಸು ತಡವಾದದ್ದಕ್ಕೂ, ನೋಡಿದ ಸಿನಿಮಾಕ್ಕೂ ನನ್ನಲ್ಲಿ ತಾರೀಕು ಉಂಟು.

ನಾನು ಕಾರ್ಕಳದವಳು. ಇದ್ದದ್ದು ಮಣಿಪಾಲದ ಚಿಕ್ಕಮ್ಮನ ಮನೆಯಲ್ಲಿ. ಅಲ್ಲಿ ಮಹಡಿಯ ಕೋಣೆಗೆ ಮಲೇಷ್ಯಾದಿಂದ ಮೆಡಿಕಲ್ ಓದಲು ಬಂದ ಚೀನೀ ಮನೆತನದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ರೋಗಿಗಳ ಹತ್ತಿರ ಮಾತಾಡಬೇಕಲ್ಲ ಎಂದು ಕನ್ನಡ ಕಲಿಯತೊಡಗಿದವಳು, ಎರಡನೆಯ ವರ್ಷಕ್ಕೆ ಚಿಕ್ಕಮ್ಮನ ದನಿಯಲ್ಲೇ "ಎಂತ ಮಾರಾಯ್ತಿ, ಸಾರಿಗೆ ಉಪ್ಪೇ ಇಲ್ಲ" ಎನ್ನುತ್ತಿದ್ದಳು.

ಎಂಬತ್ತೊಂದರಲ್ಲಿ ತಂಡ ಎತ್ತಿಕೊಂಡದ್ದು ಒಂದು ಸಂಸಾರದ ನಾಟಕ. ಅದರಲ್ಲಿ ಅತ್ತಿಗೆಯದೇ ದೊಡ್ಡ ಪಾತ್ರ. ಹೆಣ್ಣುಪಾತ್ರ ಯಾವುದಿದ್ದರೂ ಅಜೆಕಾರಿನ ಒಬ್ಬ ಲ್ಯಾಬ್ ಅಸಿಸ್ಟೆಂಟ್ ಮಾಡುವುದು ವಾಡಿಕೆ. ಅವರು ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡಿ ಪಳಗಿದವರು. ನಮ್ಮಂಥ ಮನೆಯ ಹುಡುಗಿಯರು ರಂಗ ಹತ್ತುತ್ತಿರಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ನನ್ನ ಜೊತೆ ತಾಲೀಮು ನೋಡಲು ಬರುತ್ತಿದ್ದ ಮಹಡಿಯ ಹುಡುಗಿ ಕೇಳಿದಳು.

"ಒಂದು ವಾರ ಇಬ್ಬರೂ ಕಲಿಯಿರಿ, ಮತ್ತೆ ನೋಡುವ" ಎಂದರು ನಿರ್ದೇಶಕರಾದ ಮೇಷ್ಟ್ರು.

ಆ ವಾರವೆಲ್ಲ ಚಿಕ್ಕಮ್ಮನ ಹಳೆಯ ನೂಲಿನ ಸೀರೆ ಉಟ್ಟು, ತಾರಸಿಯಲ್ಲಿ ಒಣಹಾಕಿದ್ದ ಹಪ್ಪಳಗಳ ನಡುವೆ ಅವಳು ಮಾತು ಒಪ್ಪಿಸುತ್ತಿದ್ದಳು. ತಪ್ಪಿದರೆ ತಲೆಗೆ ತಾನೇ ಮೊಟಕಿಕೊಂಡು ಮೊದಲಿನಿಂದ ಶುರು.

ಶನಿವಾರ ಸಂಜೆ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಇಡೀ ಪಾತ್ರ ಮಾಡಿದರು. ಅವಳಿಗೆ ಮೂರು ಗೆರೆ. ಲ್ಯಾಬಿನವರಿಗೆ ಹನ್ನೊಂದು.

"ಸೀರೆ ಉಟ್ಟ ಕೂಡಲೆ ಅತ್ತಿಗೆ ಆಗ್ತದಾ?" ಎಂದ ಮೈದುನನ ಪಾತ್ರದವನು. "ಯಾವಾಗ ಕರಾಟೆ ಶುರು ಮಾಡ್ತಾಳೆ ಅಂತ ಜನ ಕಾಯ್ತಾರೆ ಅಷ್ಟೆ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಲ್ಯಾಬಿನವರು ಮಾತ್ರ, "ಅವರ ಮಾತು ನನಗಿಂತ ಚಂದ ಉಂಟು ಸರ್" ಎಂದರು.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಪುಸ್ತಕ ಹಿಡಿದವಳು ನೀನು. ನೀನೇ ಹೇಳು, ಇವಳ ಮಾತು ಹೇಗುಂಟು?"

ಡೈರಿ ನನ್ನ ಮಡಿಲಲ್ಲಿ ತೆರೆದೇ ಇತ್ತು. ಅವಳು ನನ್ನನ್ನೇ ನೋಡುತ್ತಿದ್ದಳು, ಒಂದಿಷ್ಟೂ ಅನುಮಾನವಿಲ್ಲದೆ. ಹಿಂದಿನ ತಿಂಗಳು ನಾವಿಬ್ಬರೂ ಉಡುಪಿಯಲ್ಲಿ ಒಂದು ಕುಂಗ್‌ಫೂ ಸಿನಿಮಾ ನೋಡಿದ್ದೆವು. ಇಂಟರ್‌ವಲ್‌ನಲ್ಲಿ ಹಿಂದಿನ ಸಾಲಿನವರು ಅವಳನ್ನು ನೋಡಿ "ಹೂ, ಹಾ" ಎಂದಾಗ ನನಗೂ ನಗು ಬಂದಿತ್ತು. ಮೀಸೆ ಬೋಳಿಸಿದ ಗಂಡಸಿನಲ್ಲಿ ನನಗೆ ಅತ್ತಿಗೆ ಕಾಣುತ್ತಿದ್ದಳು, ಅವಳ ಮುಖದಲ್ಲಿ ಕಾಣಲಿಲ್ಲ.

"ಮಾತು ಅಷ್ಟು ಸ್ಪಷ್ಟ ಇಲ್ಲ ಸರ್" ಎಂದೆ.

ಮೇಷ್ಟ್ರು ಅವಳಿಗಾಗಿ ಒಂದು ಹೊಸ ದೃಶ್ಯವನ್ನೇ ಸೇರಿಸಿದರು. ಮನೆಗೆ ಕಳ್ಳ ನುಗ್ಗುತ್ತಾನೆ, ಎಲ್ಲಿಂದಲೋ ಒಬ್ಬ ಚೀನೀ ಹುಡುಗಿ ಹಾರಿ ಬಂದು ಒದೆಯುತ್ತಾಳೆ. ಮಾತಿಲ್ಲ, ಚೀರಾಟ ಮಾತ್ರ. "ಆಗಲಿ ಸರ್" ಎಂದಳು.

ಒಂದು ಭಾನುವಾರ ಮಧ್ಯಾಹ್ನ ಕಾಪುವಿನ ಶಾಲೆಯೊಂದರ ಹಾಲಿನಲ್ಲಿ ಪ್ರದರ್ಶನ. ಅತ್ತಿಗೆ ಅತ್ತಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇವಳು ಹಾರಿದಾಗ ಶಿಳ್ಳೆಯೋ ಶಿಳ್ಳೆ. ನಾಟಕ ಮುಗಿದು ಬಸ್ ಸ್ಟಾಂಡಿಗೆ ನಡೆಯುವಾಗಲೂ ಮಕ್ಕಳು ಚೀರುತ್ತ ಹಿಂದೆ ಬಂದರು.

ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ಕೇಳಿದಳು, "ನನಗೆ ಎಷ್ಟು ಗೆರೆ?"

"ಒಂದೂ ಇಲ್ಲ."

"ಮಾತೇ ಇಲ್ಲ, ಮತ್ತೆ ಗೆರೆ ಎಲ್ಲಿಂದ!" ನಗುತ್ತ ಡೈರಿ ಎಳೆದುಕೊಂಡು ಹಿಂದಿನ ಪುಟಗಳನ್ನು ಮಗುಚಿದಳು. ಆ ಶನಿವಾರದ ಪುಟ ಬಂತು. ಬೆರಳಿಟ್ಟು ಎಣಿಸಿದಳು. ಮೂರು. ಆಮೇಲೆ ಹನ್ನೊಂದು.

"ಮೇಷ್ಟ್ರು ಕೇಳುವಾಗ ಇದು ನಿನ್ನ ಕೈಯಲ್ಲೇ ಇತ್ತಾ?"

"ಇತ್ತು."

ಡೈರಿ ಮುಚ್ಚಿ ನನ್ನ ಮಡಿಲಿಗಿಟ್ಟಳು. ಉಡುಪಿ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅಲ್ಲಿಂದೀಚೆಗೆ ಹದಿನೇಳು ಸಿನಿಮಾ ನೋಡಿದ್ದೇನೆ. ಅವಳಂಥ ಮುಖದ ಹೆಂಗಸರಲ್ಲಿ ಒದೆಯುವವರು ಐದು ಮಂದಿ, ಬಾರಿನಲ್ಲಿ ಗ್ಲಾಸು ತುಂಬುವವರು ನಾಲ್ಕು. ಅಡುಗೆಮನೆಯಲ್ಲಿ ನಿಂತು ನಾಲ್ಕು ಮಾತಾಡಿದವರು ಒಬ್ಬರೂ ಇಲ್ಲ. ಬರೆದಿಟ್ಟಿದ್ದೇನೆ, ಆದರೆ ಆ ಶನಿವಾರ ಸಂಜೆ ಮೇಷ್ಟ್ರು ನನ್ನನ್ನು ಕೇಳಿದ್ದು ಸಿನಿಮಾದ ವಿಷಯವಲ್ಲ.

ಅವಳು ಇನ್ನೂ ಒಂದೂವರೆ ವರ್ಷ ಆ ಮನೆಯಲ್ಲಿದ್ದಳು. ಜಗಳವಾಡಲಿಲ್ಲ. ನನ್ನ ಜ್ವರಕ್ಕೆ ಮಾತ್ರೆ ತಂದುಕೊಟ್ಟಳು. ಊರಿಗೆ ಹೊರಟ ದಿನ ಚಿಕ್ಕಮ್ಮನ ಕೈ ಹಿಡಿದು, "ಬರ್ತೇನೆ ಅಮ್ಮಾ, ಕಾಗದ ಬರೀತೇನೆ" ಎಂದು ಅತ್ತಳು. ನನ್ನ ಹತ್ತಿರ, ಆ ಬಸ್ಸಿನಿಂದ ಇಳಿದ ಮೇಲೆ, ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ.