ಶೇಖವ್ವ ತೋರಿಸಿದ ಗಿಡ

ನಮ್ಮೂರು ಡೋಣಿಯಲ್ಲಿ ಶೇಖವ್ವನ ಬೆನ್ನು ಹತ್ತಿ ಕಪ್ಪತಗುಡ್ಡ ಏರಿದವರು ಬಹಳ ಜನ ಇದ್ದಾರೆ. ಏರಿದವರೆಲ್ಲ ಬಟ್ಟೆಗೆ ಮುಳ್ಳು ಹಚ್ಚಿಕೊಂಡು, ನೀರಡಿಸಿ, ಬೈದುಕೊಳ್ಳುತ್ತ ಇಳಿದಿದ್ದಾರೆ. ಆಕೆ ಮಾತ್ರ ಅವರಿಗಿಂತ ಮೊದಲೇ ಮನೆ ಸೇರಿ, ಕಟ್ಟೆಯ ಮೇಲೆ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಯಾಕ, ಎಮ್ಮಿ ತಪ್ಪಿಸ್ಕೊಂಡಿತ್ತೇನು?" ಎಂದು ಕೇಳುತ್ತಿದ್ದಳು.

ನಾನು ಆಕೆಯ ಪಕ್ಕದ ಮನೆಯವಳು. ಊರಿನ ಹಿಟ್ಟಿನ ಗಿರಣಿ ನನ್ನದು. ಊರಿನ ಸುದ್ದಿಯೆಲ್ಲ ಕಾಳಿನ ಚೀಲದ ಜೊತೆಗೇ ಗಿರಣಿಗೆ ಬರುತ್ತದೆ. ಅದಕ್ಕೇ ಶೇಖವ್ವನಿಗೆ ನನ್ನ ಮೇಲೆ ಎಲ್ಲರಿಗಿಂತ ಒಂದು ಕೈ ಹೆಚ್ಚೇ ಸಂಶಯ. ಜೋಳ ಬೀಸಿಸಲು ಬಂದರೆ ಹಿಟ್ಟು ಪೂರ್ತಿ ಬೀಳುವ ತನಕ ಕಣ್ಣು ಮಿಟುಕಿಸುತ್ತಿರಲಿಲ್ಲ. "ನಿನ್ನ ಜ್ವಾಳಾ ತಿಂದು ನಾ ಉಬ್ಬೇನೇನಬೇ?" ಎಂದರೆ, "ಉಬ್ಬೀಯಲ್ಲ, ಕಣ್ಣಿಗೆ ಕಾಣಾಕತ್ತೈತಲ್ಲ" ಎನ್ನುವಳು. ಎದುರಿಗೆ ಸಿಟ್ಟು ಬರುತ್ತಿತ್ತು, ಆಕೆ ಹೋದ ಮೇಲೆ ನಗು ಬರುತ್ತಿತ್ತು.

ಜನ ಬೆನ್ನು ಹತ್ತಲು ಕಾರಣ ಆಕೆಯ ಕೈಯಲ್ಲಿದ್ದ ಒಂದು ಔಷಧ. ಕರು ಹಾಕಿದ ಎಮ್ಮೆಯ ಕೆಚ್ಚಲು ಬಾತು ಕಲ್ಲಿನಂತೆ ಬಿಗಿದು, ಹತ್ತಿರ ಬಂದ ಕರುವನ್ನೂ ಒದೆಯತೊಡಗಿದರೆ, ಶಿರಹಟ್ಟಿಯ ಕಡೆಯಿಂದೆಲ್ಲ ಜನ ಶೇಖವ್ವನ ಮನೆ ಕೇಳಿಕೊಂಡು ಬರುತ್ತಿದ್ದರು. ಆಕೆ ಅರೆದು ಕೊಡುವ ಹಸಿರು ಮುದ್ದೆ ಹಚ್ಚಿದರೆ ಬಾವು ಇಳಿಯುತ್ತಿತ್ತು. ನಮ್ಮ ಓಣಿಯ ರಹಿಮತಬಿಯ ಎಮ್ಮೆಗೆ ಹಾಗೆ ಇಳಿದದ್ದನ್ನು ನಾನೇ ಕಂಡಿದ್ದೇನೆ. ಹಿಂದಿನ ದಿನ ಮುಂಡರಗಿಯ ದನದ ಡಾಕ್ಟರು ಸೂಜಿ ಹಾಕಿ ಹೋಗಿದ್ದರು ಎಂಬುದು ಬೇರೆ ಮಾತು. ಯಾವುದರಿಂದ ಇಳಿಯಿತು ಎಂದು ಎಮ್ಮೆ ಹೇಳಲಿಲ್ಲ, ರಹಿಮತಬಿ ಮಾತ್ರ ಶೇಖವ್ವನ ಕಾಲಿಗೆ ಬಿದ್ದಳು.

ಔಷಧ ಆಕೆಗೆ ಅತ್ತೆಯಿಂದ ಬಂದದ್ದು, ಅದರ ನೇಮವೂ ಕಠಿಣ. ನಸುಕಿನಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಗುಡ್ಡ ಹತ್ತಬೇಕು. ದಾರಿಯಲ್ಲಿ ಯಾರು ಮಾತಾಡಿಸಿದರೂ ಓ ಎನ್ನಬಾರದು. ಗಿಡದ ಹೆಸರು ನಾಲಿಗೆಯ ಮೇಲೆ ಬಂದರೆ ಔಷಧದ ಗುಣ ಹೋಯಿತು. ತನ್ನ ಕೈಕಾಲು ಸೋಲುವ ಮೊದಲು ಒಬ್ಬರಿಗೆ, ಒಬ್ಬರಿಗೆ ಮಾತ್ರ, ಬೇರಿನ ಮೇಲೆ ನಿಂತಿರುವ ಗಿಡವನ್ನು ಮುಟ್ಟಿಸಿ ತೋರಿಸಬೇಕು. ತೋರಿಸದೆ ಸತ್ತರೆ ಔಷಧವೂ ಅಲ್ಲಿಗೆ ಮುಗಿಯಿತು.

ಈ ನೇಮಕ್ಕೆ ಶೇಖವ್ವ ತನ್ನದೂ ಒಂದಿಷ್ಟು ಸೇರಿಸಿಕೊಂಡಿದ್ದಳು. ಆಕೆ ಗುಡ್ಡಕ್ಕೆ ನೇರ ದಾರಿಯಲ್ಲಿ ಹೋದವಳೇ ಅಲ್ಲ. ಕರೆಂಟು ತೆಗೆಯುವ ಗಾಳಿಕಂಬಗಳ ರಸ್ತೆ ಹಿಡಿದು ಹತ್ತಿ, ಹಳ್ಳಕ್ಕೆ ಇಳಿದು, ಆಳೆತ್ತರದ ಹುಲ್ಲಿನಲ್ಲಿ ಸುಮ್ಮನೆ ಕೂತು, ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುವಳು. ಕಂಡ ಕಂಡ ಗಿಡದ ಸೊಪ್ಪು ಕಿತ್ತು ಗಂಟು ಕಟ್ಟುವಳು. ಮನೆಗೆ ಬಂದು ಬೇಡದ್ದನ್ನೆಲ್ಲ ಒಲೆಗೆ ಹಾಕುವಳು, ತಿಪ್ಪೆಗೆ ಎಸೆದರೆ ಯಾರಾದರೂ ಕೆದಕಿಯಾರು ಎಂಬ ಭಯ. ಗುಡ್ಡದ ಹಿಂದಿನ ತಗ್ಗಿನಲ್ಲಿ ಕವಳಿ ಹಣ್ಣಿನ ಮುಳ್ಳುಕಂಟಿಗಳು ದಟ್ಟವಾಗಿ ಬೆಳೆದಿದ್ದವು. ಅಲ್ಲಿ ಅರಿಷಿಣ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಂಟಿಯೊಳಗೆ ತೋಳು ತೂರಿಸುವಳು. ದೂರದಿಂದ ಕದ್ದು ನೋಡಿದವರಿಗೆ ಔಷಧ ಕವಳಿಯದೇ ಎಂದು ಖಾತ್ರಿಯಾಗುತ್ತಿತ್ತು. ಹಾಗೆ ಖಾತ್ರಿಯಾಗಲಿ ಎಂದೇ ಅಷ್ಟು ಪೂಜೆ. ಎಷ್ಟೋ ಜನ ಕವಳಿಯ ಬೇರು ಅಗೆದು, ಅರೆದು ಹಚ್ಚಿ, ಎಮ್ಮೆಯಿಂದ ಒದೆ ತಿಂದರು. ಗುಣ ಕಾಣದಿದ್ದಾಗ ತಮ್ಮ ನೇಮದಲ್ಲೇ ಏನೋ ತಪ್ಪಿತು ಎಂದುಕೊಂಡರೇ ಹೊರತು ಕವಳಿಯನ್ನು ಯಾರೂ ಸಂಶಯಿಸಲಿಲ್ಲ.

ಮಗ ವೀರುವಿಗೆ ಹಮ್ಮಿಗಿಯಿಂದ ಮಂಜುಳಾಳನ್ನು ತಂದುಕೊಂಡ ಮೇಲೆ ಶೇಖವ್ವನ ಸಂಶಯಕ್ಕೆ ಮನೆಯೊಳಗೇ ಕೆಲಸ ಸಿಕ್ಕಿತು. ಹುಡುಗಿ ಒಳ್ಳೆಯವಳು, ದನ ಎಂದರೆ ಜೀವ ಬಿಡುವವಳು. ಔಷಧ ಕಲಿಯಬೇಕು ಎಂಬ ಆಸೆಯನ್ನು ಮುಚ್ಚಿಡಲೂ ಇಲ್ಲ. ಅದೇ ತಪ್ಪಾಯಿತು.

"ಸೊಸಿಗೆ ತೋರ್ಸಿದ್ರ ತವರಮನಿ ಪಾಲಾಗತೈತಿ," ಎಂದಳು ಶೇಖವ್ವ ನನ್ನ ಮುಂದೆ.

"ನೀನೂ ಸೊಸಿಯಾಗೇ ಬಂದಾಕಿ ಅಲ್ಲೇನಬೇ?"

"ನನ್ನ ತವರಮನ್ಯಾಗ ಎಮ್ಮಿ ಇದ್ದಿದ್ದಿಲ್ಲ."

ನಾನು ಎದ್ದು ಗಿರಣಿ ಚಾಲೂ ಮಾಡಿದೆ.

ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಆಕೆ ಸೊಸೆಯನ್ನು ಗುಡ್ಡಕ್ಕೆ ಕರೆದುಕೊಂಡು ಹೋದಳು. ಮಂಜುಳಾ ಒದ್ದೆ ಸೀರೆಯಲ್ಲಿ ನಡುಗುತ್ತ, ತುಟಿ ಬಿಚ್ಚದೆ ಹಿಂದೆ ನಡೆದಳು. ತಗ್ಗಿಗೆ ಹೋಗಿ ನಿಂತಾಗ ಶೇಖವ್ವನ ಕಣ್ಣಲ್ಲಿ ನೀರು ತುಂಬಿತ್ತಂತೆ. ಸೊಸೆಯ ಕೈ ಹಿಡಿದು ಕವಳಿಯ ಬುಡಕ್ಕೆ ಮುಟ್ಟಿಸಿ, "ಇದ ನೋಡವ್ವ. ಇನ್ನ ನನ್ನ ಎದಿ ಹಗುರಾತು" ಎಂದಳಂತೆ. ಮಂಜುಳಾ ಅತ್ತೆಯ ಪಾದ ಮುಟ್ಟಿ ತಾನೂ ಅತ್ತಳು. ಅವಳಿಗೆ ಅದು ಪರೀಕ್ಷೆ ಎಂದು ಹೇಗೆ ಗೊತ್ತಾಗಬೇಕು?

ಅದೇ ಬೇಸಿಗೆಯಲ್ಲಿ ಹಮ್ಮಿಗಿಯ ತವರಿನಲ್ಲಿ ಅಣ್ಣನ ಆಕಳಿಗೆ ಕೆಚ್ಚಲು ಬಾತಿತು. ಮಂಜುಳಾ ನಸುಕಿಗೆ ಮಿಂದು, ಮೌನ ಹಿಡಿದು, ಗುಡ್ಡದಿಂದ ತಂದ ಬೇರು ಅರೆದು ಹಚ್ಚಿದಳು. ಡಾಕ್ಟರನ್ನು ಕರೆಸುತ್ತೇನೆ ಎಂದ ಅಣ್ಣನನ್ನು ಕೈಸನ್ನೆಯಲ್ಲೇ ತಡೆದಳು. ಬಾವು ಕೀವಾಗಿ ಆಕಳಿನ ಎರಡು ಮೊಲೆ ಬತ್ತಿಹೋದವು. ಊರಿಗೆ ಬಂದವಳು ಅತ್ತೆಯ ಮುಂದೆ ಆ ಮಾತೇ ಎತ್ತಲಿಲ್ಲ. ನನ್ನ ಗಿರಣಿಯಲ್ಲಿ ಜೋಳದ ಚೀಲದ ಮೇಲೆ ಕೂತು ಇಷ್ಟೇ ಹೇಳಿದಳು: "ಕಾವೇರಕ್ಕ, ನನ್ನ ಬಾಯಾಗ ಮಣ್ಣ ಹಾಕ್ಯಾಳ." ನನಗೆ ಶೇಖವ್ವನ ಮೇಲೆ ಆವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮಳೆಗಾಲಕ್ಕೆ ಬೆಟಗೇರಿಯ ಸುಭಾಸ ಎಂಬ ಗಿಡಮೂಲಿಕೆ ವ್ಯಾಪಾರಿ ಆಳುಗಳನ್ನು ಕಟ್ಟಿಕೊಂಡು ಬಂದು ಆ ತಗ್ಗಿನ ಕವಳಿಯನ್ನೆಲ್ಲ ಬೇರು ಸಹಿತ ಅಗೆಸಿದ. ಟ್ರ್ಯಾಕ್ಟರ್ ತುಂಬಿ ಬೇರು ಹೋಗುವುದನ್ನು ನೋಡಿ ಶೇಖವ್ವ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಸೊಸೆಯ ಕಡೆ ತಿರುಗಿ, "ನೋಡಿದಿ? ನಿನಗ ಹೇಳಿದ್ದು ಬೆಟಗೇರಿಗೆ ಮುಟ್ಟೇತಿ" ಎಂದಳು. ಮಂಜುಳಾ ಎಮ್ಮೆಗೆ ಮೇವು ಹಾಕುತ್ತಿದ್ದವಳು ಹಾಕುತ್ತಲೇ ಇದ್ದಳು.

ಅವಳು ಹೇಳಿರಲಿಲ್ಲ. ಸುಭಾಸ ಗಿರಣಿಯ ಹತ್ತಿರ ಟ್ರ್ಯಾಕ್ಟರ್ ನಿಲ್ಲಿಸಿ ನೀರು ಕೇಳಿದಾಗ ನಾನೇ ಕೆದಕಿ ಕೇಳಿದೆ. "ಯಾರು ಹೇಳಬೇಕ್ರಿ ಅಕ್ಕಾರ? ಗಾಳಿಕಂಬದ ರಸ್ತೆಮ್ಯಾಗ ನಿಂತ್ರ ಎಲ್ಲಾ ಕಾಣತೈತಿ. ಅಜ್ಜಿ ಕುಂಕುಮ ಹಚ್ಚಿ ತೋರ್ಸ್ಯಾಳ" ಎಂದು ನಕ್ಕ. ಇದನ್ನು ನಾನು ಶೇಖವ್ವನಿಗೆ ಮುಟ್ಟಿಸಿದೆ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀನೂ ಅವ್ನ ಕಡಿಯಾಕಿ ಆದಿ?" ಎಂದು ಒಳಗೆ ಹೋದಳು.

ಆ ಮಳೆಗಾಲದಲ್ಲೇ ಆಕೆಯ ಮೊಣಕಾಲು ಹಿಡಿಯಿತು. ಗದಗಿನ ಡಾಕ್ಟರು ಇನ್ನು ಗುಡ್ಡದ ಮಾತು ಬಿಡಬೇಕು ಎಂದರು. ಡಾಕ್ಟರಿಗೂ ಔಷಧದ ಮೇಲೆ ಕಣ್ಣಿದೆಯೇನೋ ಎಂದು ಆಕೆಗೆ ಸ್ವಲ್ಪ ದಿನ ಸಂಶಯವಿತ್ತು. ಆದರೆ ನೋವು ಸುಳ್ಳು ಹೇಳುವುದಿಲ್ಲವಲ್ಲ. ವರ್ಷ ಕಳೆಯುವಷ್ಟರಲ್ಲಿ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುವಂತಾಯಿತು. ಬಾಗಿಲಿಗೆ ಬಂದ ದನದವರನ್ನು ಬರಿಗೈಯಲ್ಲಿ ಕಳಿಸುವಾಗ ಆಕೆಯ ಮುಖ ನೋಡಲಾಗುತ್ತಿರಲಿಲ್ಲ. ಒಂದು ಸಂಜೆ ತಾನಾಗಿಯೇ ನನ್ನ ಹತ್ತಿರ ಬಂದು ಕೂತಳು. "ಅತ್ತಿ ಸಾಯೂ ಮುಂದ ನನ್ನ ಕೈ ಹಿಡಿದು ಕೊಟ್ಟಾಳ. ನಾ ಹಂಗಽ ಸತ್ರ ಅಕಿಗೆ ಏನ ಹೇಳ್ಲಿ?" ಎಂದಳು. ಶೇಖವ್ವ ಹೆದರಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮರುದಿನ ನಸುಕಿಗೆ ಅತ್ತೆ ಸೊಸೆ ಇಬ್ಬರೂ ಹೊರಟರು. ಅಲ್ಲಿ ನಡೆದದ್ದನ್ನು ಮಂಜುಳಾ ನನಗೆ ಹೇಳಿದ್ದಾಳೆ. ಊರು ದಾಟುತ್ತಲೇ ಶೇಖವ್ವ ಸೊಸೆಯ ಮೊಬೈಲು ಬಂದ್ ಮಾಡಿಸಿದಳು, ಅದಕ್ಕೆ ಕಿವಿ ಇದೆ ಎಂದು. ಕಾಲುಂಗುರ ಕಲ್ಲಿಗೆ ತಾಗಿ ಸಪ್ಪಳವಾಗುತ್ತದೆಂದು ಅದನ್ನೂ ತೆಗೆಸಿ ಸೆರಗಿನಲ್ಲಿ ಕಟ್ಟಿಸಿದಳು. ಗುಡ್ಡ ಗಪ್ಪಾಗಿತ್ತು. ಕೆಂಪು ಗರಸುಮಣ್ಣಿನ ಮೇಲೆ ಇಬ್ಬರ ಹೆಜ್ಜೆ ಬಿಟ್ಟರೆ, ಎಲ್ಲೋ ಒಂದು ನವಿಲು. ಅಷ್ಟು ಗಪ್ಪಾಗಿದ್ದದ್ದೇ ಶೇಖವ್ವನಿಗೆ ಸರಿಬರಲಿಲ್ಲ. ಹುಲ್ಲು ಅಲುಗಿತೆಂದು ನಿಂತಳು. ಒಣಗಿದ ಟೊಂಗೆ ಮುರಿದ ಸಪ್ಪಳವಾಯಿತೆಂದು ಸೊಸೆಯ ತೋಳು ಹಿಡಿದು ಬಂಡೆಯ ಹಿಂದೆ ಕೂರಿಸಿದಳು. ಬಿಸಿಲೇರುವ ತನಕ ಕೂತ ಮೇಲೆ ಹೊರಬಂದದ್ದು ಯಾರದೋ ಒಂಟಿ ಆಡು. ಅದನ್ನೂ ಕಲ್ಲು ಬೀಸಿ ಓಡಿಸಿದಳು, ಕೊರಳಲ್ಲಿ ಗಂಟೆ ಕಟ್ಟಿದ ಆಡು ಎಂದರೆ ಹಿಂದೆ ಆಡಿನವನು ಇರಲೇಬೇಕು ಎಂದು.

ಏರಿನಲ್ಲಿ ಮಂಜುಳಾ ಅತ್ತೆಯನ್ನು ಅರ್ಧ ಹೊತ್ತುಕೊಂಡೇ ನಡೆದಳು. ಅತ್ತೆ ಮತ್ತೆ ಅದೇ ತಗ್ಗಿನ ದಾರಿ ಹಿಡಿದದ್ದು ನೋಡಿ, ಮತ್ತೆ ಕವಳಿಯೇ ಎಂದುಕೊಂಡಳಂತೆ. ನೇಮ ಇದೆ, ಕೇಳುವಂತಿಲ್ಲ.

ತಗ್ಗಿಗೆ ಇಳಿದರೆ ಕವಳಿಯ ಒಂದು ಕಂಟಿಯೂ ಇರಲಿಲ್ಲ. ಅಗೆದ ಕುಣಿಗಳಲ್ಲಿ ಮಣ್ಣು ಸುಟ್ಟು ಇಟ್ಟಂಗಿಯ ಬಣ್ಣಕ್ಕೆ ಬಂದಿತ್ತು. ಶೇಖವ್ವ ಸೊಸೆಯ ಕೈ ಬಿಟ್ಟು, ನೋವಿನ ಮೊಣಕಾಲೂರಿ, ಒಂದು ಕುಣಿಯಿಂದ ಇನ್ನೊಂದಕ್ಕೆ ತೆವಳತೊಡಗಿದಳು. ನಿಜವಾದ ಗಿಡ ಒಂದು ಸಣ್ಣ ಬಳ್ಳಿ. ಅದು ಬದುಕಿದ್ದದ್ದೇ ಕವಳಿಯ ಹೊಟ್ಟೆಯೊಳಗೆ, ಅದರ ನೆರಳಿನಲ್ಲಿ, ಅದರ ಮುಳ್ಳಿನ ಕಾವಲಿನಲ್ಲಿ. ನೋಡುವವರ ಕಣ್ಣು ಕಂಟಿಯ ಮೇಲಿರಲಿ ಎಂದು ಪೂಜೆ ಮಾಡಿ, ಒಳಗೆ ಕೈ ಹಾಕಿ ಆಕೆ ಕಿತ್ತುಕೊಳ್ಳುತ್ತಿದ್ದದ್ದು ಆ ಬಳ್ಳಿಯನ್ನು. ಕಂಟಿ ಹೋದರೆ ಬಳ್ಳಿಗೂ ಉಳಿಗಾಲವಿಲ್ಲ ಎಂಬುದು, ಟ್ರ್ಯಾಕ್ಟರ್ ನೋಡಿ ನಕ್ಕ ದಿನ ಆಕೆಗೆ ಹೊಳೆದಿರಲಿಲ್ಲ. ಈಗ ಕುಣಿಯ ಅಂಚಿನಲ್ಲಿ ಮುಟ್ಟಿದರೆ ಪುಡಿಯಾಗುವ ನಾಲ್ಕು ಒಣ ಎಳೆ ಉಳಿದಿದ್ದವು. ಅವು ಯಾವ ಬಳ್ಳಿಯವು ಎಂದು ಆಕೆಗೇ ಗುರುತು ಸಿಗಲಿಲ್ಲ.

ಶೇಖವ್ವ ಆ ಬಿಸಿಲಿನಲ್ಲಿ ಕೂತು ಗಟ್ಟಿಯಾಗಿ ಅತ್ತಳು. ಆಮೇಲೆ ಜನ್ಮದಲ್ಲಿ ಆಡದ ಮಾತು ಆಡಿದಳು.

"ಕರುನಾಲಿಗಿ ಅಂತಾರವ್ವ ಅದಕ. ಕರುನಾಲಿಗಿ ಬಳ್ಳಿ. ಎಲಿ ಕರುವಿನ ನಾಲಿಗಿಯಂಗ ಖರಖರ ಇರತೈತಿ, ಚೂಟಿದ್ರ ಹಳದಿ ಹಾಲು. ನಾ ಹೆಸರ ಹೇಳೇನಿ, ಗುಣ ಹೋದ್ರ ಹೋಗ್ಲಿ. ಬ್ಯಾರೆ ಎಲ್ಲೆರ ಐತೇನು ಹುಡುಕು. ನೀ ಹುಡುಕು, ಊರವ್ರೆಲ್ಲಾ ಹುಡುಕ್ಲಿ."

ಮಂಜುಳಾ ಎಬ್ಬಿಸಲು ಅತ್ತೆಯ ತೋಳಿಗೆ ಕೈ ಹಾಕಿದಳು. ಅವಳಿಗೆ ಸಿಟ್ಟೂ ಬರಲಿಲ್ಲವಂತೆ.

"ಹೋದ ಸಲಾನೂ ಹಿಂಗಽ ಕಣ್ಣಾಗ ನೀರ ತಂದಿದ್ರಿ ಅತ್ತಿ," ಎಂದಳು. "ಏಳ್ರಿ. ಬಿಸಲು ಜೋರಾತು."

"ಲೇ, ಖರೇನ ಹೇಳಾಕತ್ತೇನಿ!"

"ಹೂಂ ರಿ. ಕಾಲ ನೋಡ್ಕೊಂಡ ಇಡ್ರಿ."

ಇಳಿಯುವ ದಾರಿಯಲ್ಲಿ ಕುರಿಯವರು ಸಿಕ್ಕರು. ಶೇಖವ್ವ ಅವರನ್ನು ತಾನಾಗಿಯೇ ನಿಲ್ಲಿಸಿ ಬಳ್ಳಿಯ ಹೆಸರು ಹೇಳಿದಳು, ಎಲೆಯ ಗುರುತು ಹೇಳಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಆತಬೇ ಯಮ್ಮಾ, ಕಂಡ್ರ ಕುಂಕುಮ ಹಚ್ಚಿ ಬರ್ತೇವಿ" ಎಂದು ಮುಂದೆ ಹೋದರು.

ಮಧ್ಯಾಹ್ನ ನಾನು ರಹಿಮತಬಿಯ ಜೋಳ ಬೀಸುತ್ತಿದ್ದಾಗ ಇಬ್ಬರೂ ಗಿರಣಿಯ ಬಾಗಿಲಿಗೆ ಬಂದರು. ಶೇಖವ್ವನ ಸೀರೆಯ ಮೊಣಕಾಲಿಗೆ ಕೆಂಪು ಮಣ್ಣು ಮೆತ್ತಿತ್ತು. ಸಪ್ಪಳದಲ್ಲಿ ಆಕೆಯ ಮಾತು ಕೇಳಿಸದೆ ನಾನು ಗಿರಣಿ ನಿಲ್ಲಿಸಿದೆ. ಆಕೆ ಎಲ್ಲವನ್ನೂ ಮೊದಲಿನಿಂದ ಹೇಳಿದಳು, ಕವಳಿಯ ಮೋಸವನ್ನೂ, ಬಳ್ಳಿಯ ಹೆಸರನ್ನೂ. ಮುಗಿಯುವಷ್ಟರಲ್ಲಿ ಉಸಿರು ಹತ್ತಿತ್ತು.

ಆಕೆಯ ಕಾಲಿಗೆ ಬಿದ್ದಿದ್ದ ರಹಿಮತಬಿ ಈಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಇಷ್ಟ ದಿನಾ ಕವಳಿ ಆತು, ಇನ್ನ ಇದೊಂದು" ಎಂದು ನನಗೆ ಮಾತ್ರ ಕೇಳುವಂತೆ ಅಂದಳು. ಮಂಜುಳಾ ಸೆರಗಿನ ಗಂಟು ಬಿಚ್ಚಿ ಕಾಲುಂಗುರ ಹಾಕಿಕೊಳ್ಳುತ್ತಿದ್ದಳು.

ಶೇಖವ್ವ ಬಾಗಿಲ ಕಟ್ಟು ಹಿಡಿದುಕೊಂಡು ನನ್ನನ್ನು ನೋಡಿದಳು. "ಕಾವೇರಿ, ನೀನರ ನಂಬ ಲೇ."

ನನಗೆ ನಂಬಿಕೆ ಬಂದಿರಲಿಲ್ಲ. ಆ ಮಣ್ಣು ಮೆತ್ತಿದ ಮೊಣಕಾಲು ನೋಡಿ ಇಲ್ಲ ಎನ್ನಲಾಗಲಿಲ್ಲ, ಅಷ್ಟೇ.

"ನಂಬೇನಬೇ," ಎಂದೆ.

ಹಿಟ್ಟು ಬೀಳುವುದನ್ನು ನೋಡುವಂತೆ ಆಕೆ ಕಣ್ಣು ಮಿಟುಕಿಸದೆ ನನ್ನ ಮುಖ ನೋಡಿದಳು.

"ಇಲ್ಲ," ಎಂದಳು. "ನೀನೂ ಸುಳ್ಳ ಹೇಳಾಕತ್ತಿ."