ಎರಡು ಕಾರು, ಮೂರು ಕೊಟೇಶನ್

ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ವೇಗದ ಕಾರಿನ ಹುಚ್ಚು ಹಿಡಿಯಿತು ಎಂದರೆ ನೀವು ನಗುತ್ತೀರಿ. ನಗಿ. ಆದರೆ ಪೂರ್ತಿ ಕೇಳಿ ನಕ್ಕರೆ ಇನ್ನೂ ಚೆನ್ನ. ಅಲ್ಲಿಯವರೆಗೆ ನಾನು ಗಂಟೆಗೆ ಐವತ್ತು ಕಿಲೋಮೀಟರ್ ದಾಟಿದವನೇ ಅಲ್ಲ. ಅಂದರೆ ನನ್ನ ವಯಸ್ಸು ನನ್ನ ವೇಗವನ್ನು ಓವರ್‌ಟೇಕ್ ಮಾಡಿ ಆಗಲೇ ಎರಡು ವರ್ಷವಾಗಿತ್ತು.

ಒಂದು ಸಂಜೆ ನಮ್ಮ ಹಳೆಯ ಕಾರಿನಲ್ಲಿ ಸಿಕಂದರಾಬಾದಿನ ಸಿಗ್ನಲ್‌ನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಂದು ಪುಟ್ಟ ಕೆಂಪು ಕಾರು. ಹಸಿರು ದೀಪ ಬಿದ್ದದ್ದೇ ಅದು ಒಗ್ಗರಣೆಯ ಸಾಸಿವೆಯಂತೆ ಸಿಡಿದು ಕಣ್ಮರೆಯಾಯಿತು. ನನ್ನದು ಗುಡುಗುಡು ಅಂದು ಆಫ್ ಆಯಿತು. ಹಿಂದಿನ ಆಟೋದವನು “ಚಲೋ ಚಾಚಾ, ಸೋ ಗಯೇ ಕ್ಯಾ?” ಎಂದು, ನಿದ್ದೆ ಹೋದವನನ್ನು ಎಬ್ಬಿಸುವಂತೆ ಕೂಗಿದ. ಅದೂ ಪರವಾಗಿಲ್ಲ. ನನ್ನನ್ನು ಚುಚ್ಚಿದ್ದು ಬೇರೆ: ಆ ಕೆಂಪು ಕಾರು ಓಡಿಸುತ್ತಿದ್ದವನ ತಲೆ ನನ್ನ ತಲೆಗಿಂತ ಹೆಚ್ಚು ನರೆತಿತ್ತು. ಬೇಕು ಅನ್ನಿಸಿದ್ದನ್ನು ಹೆದರದೆ ಒಂದು ಸಲವಾದರೂ ತಗೊಳ್ಳಬೇಕು ಎಂದು ಅವತ್ತೇ ನಿಶ್ಚಯಿಸಿದೆ.

ಹುಡುಕಿದಾಗ ಇಂಥವು ಎರಡು ಸಿಕ್ಕವು. ಎರಡೂ ಚಿಕ್ಕವು, ಎರಡರ ಹೊಟ್ಟೆಯಲ್ಲೂ ಮೈಗೆ ಮೀರಿದ ಎಂಜಿನ್ನು. ಕೆಂಪು ಗಾಡಿ ನೆಗೆಯುವುದರಲ್ಲಿ ಜಾಣ, ಬೂದು ಗಾಡಿ ತಿರುವಿನಲ್ಲಿ ರಸ್ತೆಗೆ ಅಂಟಿಕೊಳ್ಳುವುದರಲ್ಲಿ. ಒಂದೊಂದಕ್ಕೂ ನೂರಕ್ಕೂ ಹೆಚ್ಚು ಅಶ್ವಶಕ್ತಿಯಂತೆ. ನನ್ನ ಅಜ್ಜನ ಕಾಲದಲ್ಲಿ ಒಂದೇ ಕುದುರೆ ಐದು ಜನರನ್ನೂ ಒಂದು ಟ್ರಂಕನ್ನೂ ಟಾಂಗಾದಲ್ಲಿ ಎಳೆದುಕೊಂಡು ಕಾಚಿಗುಡದಿಂದ ಸಿಕಂದರಾಬಾದಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತಿತ್ತು. ಈಗ ನೂರು ಕುದುರೆ ಕಟ್ಟಿಕೊಂಡು ಮೆಟ್ರೋ ಕಂಬಗಳಿಗಾಗಿ ಅಗೆದಿಟ್ಟ ಅಮೀರ್‌ಪೇಟ್‌ನಲ್ಲಿ ನಿಲ್ಲುವುದಕ್ಕೆ ನಾನು ಹಂಬಲಿಸುತ್ತಿದ್ದೆ. ಒಂದಿದ್ದ ರಾಜ್ಯ ಎರಡಾಗಬೇಕೋ ಬೇಡವೋ ಎಂದು ಇಡೀ ಊರು ತಲೆ ಕೆಡಿಸಿಕೊಂಡಿದ್ದ ದಿನಗಳವು. ನಾನೊಬ್ಬ ಮಾತ್ರ ಎರಡಿದ್ದದ್ದನ್ನು ಒಂದು ಮಾಡಲಾರದೆ ಒದ್ದಾಡುತ್ತಿದ್ದೆ.

ತರ್ಕಶಾಸ್ತ್ರದವರು ಒಂದು ಕತ್ತೆಯ ಕಥೆ ಹೇಳುತ್ತಾರೆ. ಅತ್ತ ಒಂದು ಹುಲ್ಲಿನ ಬಣವೆ, ಇತ್ತ ಒಂದು. ಯಾವುದಕ್ಕೆ ಬಾಯಿ ಹಾಕಲಿ ಎಂದು ಯೋಚಿಸುತ್ತಲೇ ಕತ್ತೆ ಉಪವಾಸ ಸತ್ತಿತಂತೆ. ಆ ಕತ್ತೆಗೆ ಹೆಂಡತಿ ಇರಲಿಲ್ಲ ಎಂಬುದನ್ನು ಅವರು ಗಮನಿಸಿದಂತಿಲ್ಲ. ನನಗಿದ್ದಳು, ವಿಮಲಾ. ಅಮೀರ್‌ಪೇಟ್‌ನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನಮ್ಮ ಹಳೆಯ ಕಾರನ್ನು ದಿನಾ ಶಾಲೆಗೆ ಓಡಿಸಿಕೊಂಡು ಹೋಗುತ್ತಿದ್ದವಳು ಅವಳೇ. ನಾನು ಆಫೀಸಿನ ಬಸ್ಸಿನ ಗಿರಾಕಿ.

ಆ ಹಳೆಯ ಕಾರನ್ನು ನಾನು ಮೊದಲ ವಾರದಲ್ಲೇ ಮಾರಿಬಿಟ್ಟೆ. ಹೊಸದು ಬಂದರೆ ಹಳೆಯದನ್ನು ಎಲ್ಲಿ ನಿಲ್ಲಿಸುವುದು ಎಂಬ ಚಿಂತೆ. ಚಿಂತೆಗಾರರ ಲಕ್ಷಣವೇ ಇದು. ನಾಳಿನ ಕಷ್ಟ ತಪ್ಪಿಸಲು ಇವತ್ತೇ ಕಷ್ಟ ತಂದಿಟ್ಟುಕೊಳ್ಳುತ್ತೇವೆ. ತಂದದ್ದು ನಾನು, ಅನುಭವಿಸಿದವಳು ವಿಮಲಾ. ಎರಡು ಬಸ್ಸು ಬದಲಿಸಿ, ಒಂದು ಕಾಲ ಮೇಲೆ ನಿಂತು ಶಾಲೆಗೆ ಹೋಗತೊಡಗಿದಳು. ಅವಳ ಮಂಡಿನೋವು ಮೊದಲೇ ಇತ್ತು, ಈಗ ಅದಕ್ಕೂ ಬಸ್ ಪಾಸ್ ಸಿಕ್ಕಂತಾಯಿತು.

ಒಂದು ವಾರದ ಮಾತು ಎಂದಿದ್ದೆ. ಆದರೆ ನಾನು ಇಪ್ಪತ್ತೇಳು ವರ್ಷ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಸವೆದವನು. ಅಲ್ಲಿ ಪೊರಕೆ ಕೊಳ್ಳಬೇಕಾದರೂ ಮೂರು ಕೊಟೇಶನ್ ಬೇಕು, ಮೂರನ್ನೂ ಹೋಲಿಸಿ ತಖ್ತೆ ಬರೆಯಬೇಕು, ಕೊನೆಯ ಅಂಕಣದಲ್ಲಿ ಷರಾ ಹಾಕಬೇಕು. ಮನೆಯಲ್ಲೂ ದೊಡ್ಡ ಹಾಳೆಗೆ ಗೆರೆ ಎಳೆದು ತಖ್ತೆ ತಯಾರಿಸಿದೆ. ಕೆಂಪು ಒಂದು, ಬೂದು ಒಂದು. ಮೂರನೆಯ ಸಾಲು ಖಾಲಿ! ನನ್ನ ಕೈಯೇ ಓಡಲಿಲ್ಲ. ಎರಡೇ ಕೊಟೇಶನ್ನಿನ ಮೇಲೆ ನಿರ್ಧಾರ ಮಾಡಿದರೆ ಆಡಿಟ್‌ನವರು ಮನೆಗೇ ಬಂದಾರೆಂಬ ಅಳುಕು. ಹಾಗಾಗಿ ನನಗೆ ಬೇಡವೇ ಬೇಡವಾದ, ಗೋದ್ರೆಜ್ ಬೀರುವಿನಂತಿದ್ದ ಮೂರನೆಯ ಕಾರೊಂದರ ಕೊಟೇಶನ್ನಿಗಾಗಿ ಅಲೆದೆ. ಒಂದು ದಿನ ಬಂದ್, ಮರುದಿನ ರಸ್ತೆ ಬಂದ್, ಅದರ ಮರುದಿನ ಷೋರೂಮಿಗೆ ವಾರದ ರಜೆ. ಹೀಗೆ ಮೂರು ತಿಂಗಳು ಸರಿದವು.

ಒಂದು ಶನಿವಾರ ವಿಮಲಾ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಳು. ಇನ್ನೊಂದು ಬಸ್ಸಿನಲ್ಲೇ ಉಳಿದಿತ್ತು. ನಾನು ತಖ್ತೆಯ ಮುಂದೆ ಕೂತಿದ್ದೆ.

“ಏನ್ ಮಾಡಾಕತ್ತೀರಿ?”

“ಮೂರನೇ ಕೊಟೇಶನ್ ನಾಳೆ ಬರತೈತಿ. ಬಂದಕೂಡ್ಲೆ—”

“ನನ್ನ ನೋಡಾಕ ಬಂದಾಗ ಎಷ್ಟು ಕೊಟೇಶನ್ ತಗೊಂಡಿದ್ರಿ?”

ಉತ್ತರ ಕೊಡಲು ನನಗೆ ಧೈರ್ಯ ಬೇಕಾಯಿತು. ಅವತ್ತು ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಪೂರ್ತಿ ತಿನ್ನುವುದು ಮರ್ಯಾದೆಯೋ, ಸ್ವಲ್ಪ ಬಿಡುವುದು ಮರ್ಯಾದೆಯೋ ಎಂದು ನಾನು ಯೋಚಿಸುತ್ತಿರುವಾಗಲೇ ನಮ್ಮವ್ವ, ಅವಳ ಕಾಕಾ ಸೇರಿ ಮಾತು ಮುಗಿಸಿದ್ದರು.

“ಒಂದ... ಸಿಂಗಲ್ ಟೆಂಡರ್.”

“ಅದಕ್ಕ ಛಲೋ ಮಾಲು ಸಿಕ್ಕೈತಿ,” ಎಂದವಳು ಚಪ್ಪಲಿಯನ್ನು ಮೂಲೆಗೆ ಒಗೆದಳು. “ನಾಳೆ ರವಿವಾರ. ನಾನೂ ಬರ್ತೀನಿ. ನಾಳೆ ಆಗ್ಲಿಲ್ಲಂದ್ರ ಆ ಹಾಳಿಯೊಳಗ ಒಗ್ಗರಣಿ ಅವಲಕ್ಕಿ ಕಟ್ಟಿ ನಿಮ್ಮ ಡಬ್ಬಿಗೆ ಇಡ್ತೀನಿ ನೋಡ್ರಿ.”

ಕೆಂಪು, ಬೂದು ಎರಡರ ಷೋರೂಮೂ ಒಂದೇ ರಸ್ತೆಯಲ್ಲಿ ಎದುರುಬದುರು. ಮೊದಲು ಬೂದು ಗಾಡಿ. ವಿಮಲಾ ಹಿಂದೆ ಕೂತು, ಸುಲ್ತಾನ್ ಬಜಾರಿನಲ್ಲಿ ಸೀರೆ ನೋಡುವ ಹಾಗೆ ಸೀಟಿನ ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದಳು. ನಾನು ಹುಸೇನ್ ಸಾಗರದ ದಂಡೆಯ ಮೇಲೆ ಎರಡನೇ ಗೇರಿನಲ್ಲಿ ಹೊರಟೆ. ಎಡಗಡೆ ಕೂತಿದ್ದ ಸೇಲ್ಸ್‌ಮನ್ “ಗೇರ್ ಮಾರ್ಚಂಡಿ ಸಾರ್” ಎಂದು ಗೇರ್ ಬದಲಿಸಲು ಮೊದಲು ವಿನಂತಿಸಿದ, ಆಮೇಲೆ ಬೇಡಿಕೊಂಡ. ಬೆಳಗಿನ ಓಟಕ್ಕೆ ಬಂದಿದ್ದ ಮುದುಕರೊಬ್ಬರು ಸ್ವಲ್ಪ ದೂರ ನಮ್ಮ ಜೊತೆಗೇ ಇದ್ದು, ಬೇಸರವಾಗಿ ಮುಂದೆ ಹೋದರು. ಬಳಿಕ ಕೆಂಪು ಗಾಡಿ. ಅದರಲ್ಲೂ ಹಾಗೆಯೇ. ನನ್ನ ಕಾಲ ಕೆಳಗೆ ಎರಡು ಗಾಡಿಗೂ ಯಾವ ವ್ಯತ್ಯಾಸವೂ ಇರಲಿಲ್ಲ. ಹುಲಿಯನ್ನೂ ಚಿರತೆಯನ್ನೂ ಕುರಿಯ ಹಾಗೆ ನಡೆಸಿದರೆ ಯಾವುದು ಯಾವುದೆಂದು ಗೊತ್ತಾಗುವುದು ಹೇಗೆ?

“ಸ್ವಲ್ಪ ಇಳೀರಿ,” ಎಂದಳು ವಿಮಲಾ.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಕ್ರದ ಮುಂದೆ ಕೂತಳು. ಸೇಲ್ಸ್‌ಮನ್ ಹಿಂದಕ್ಕೆ ಹೋದ, ನಾನು ಎಡಕ್ಕೆ. ಮುಂದಿನದು ನನಗೆ ತುಂಡುತುಂಡಾಗಿ ಮಾತ್ರ ನೆನಪಿದೆ. ಬೆನ್ನು ಸೀಟಿಗೆ ಒತ್ತಿಕೊಂಡದ್ದು, ಕೆರೆಯ ನೀರು ಒಂದೇ ಬೆಳ್ಳಿಗೆರೆಯಾದದ್ದು, ಆ ಮುದುಕರು ಕನ್ನಡಿಯಲ್ಲಿ ಸಾಸಿವೆ ಕಾಳಾದದ್ದು. “ಅಯ್ಯ, ಹಿಂಗ ಇರತೈತೇನ್ರಿ ಇದು!” ಎಂದು ಅವಳು ನಕ್ಕದ್ದಂತೂ ಸ್ಪಷ್ಟವಾಗಿ ನೆನಪಿದೆ. ಆ ನಗು ನಮ್ಮ ಮನೆಯಲ್ಲಿ ಕೇಳಿ ಮೂರು ತಿಂಗಳಾಗಿತ್ತು. ನನ್ನ ತಖ್ತೆಯಲ್ಲಿ ಮೈಲೇಜಿಗೆ ಅಂಕಣವಿತ್ತು, ಟೈರಿನ ಅಗಲಕ್ಕಿತ್ತು, ಡಿಕ್ಕಿಯೊಳಗಿನ ದೀಪಕ್ಕೂ ಇತ್ತು. ಇದಕ್ಕಿರಲಿಲ್ಲ.

ಬೂದು ಗಾಡಿಯನ್ನೂ ಓಡಿಸಿದಳು. ಅದರಲ್ಲೂ ನಕ್ಕಳು. ಹಾಗಾಗಿ ಆಯ್ಕೆ ಮತ್ತೆ ನನ್ನ ತಲೆಗೇ ಬಂತು. ಈ ಸಲ ಒಂದು ನಿಮಿಷವೂ ಹಿಡಿಯಲಿಲ್ಲ. ಮನೆಗೆ ಬಂದು ಮೂರನೆಯ ಸಾಲಿಗೆ ಅಡ್ಡಗೆರೆ ಎಳೆದು, ಕೆಂಪು ಗಾಡಿಯ ಮುಂದೆ ಷರಾ ಬರೆದೆ: “ಎಡಗಡೆ ಬಾಗಿಲಿನ ಮೇಲಿನ ಹಿಡಿಕೆ ಗಟ್ಟಿಯಾಗಿದೆ. ಮುಷ್ಟಿ ಪೂರ್ತಿ ಹಿಡಿಸುತ್ತದೆ.” ಬೂದು ಗಾಡಿಯದರಲ್ಲಿ ಮೂರು ಬೆರಳಿಗಷ್ಟೇ ಜಾಗವಿತ್ತು.

ಈಗ ಆಫೀಸಿನ ಬಸ್ ಬಿಟ್ಟಿದ್ದೇನೆ. ಶಾಲೆಗೆ ಹೋಗುವ ಮುನ್ನ ಅವಳೇ ನನ್ನನ್ನು ಸಿಕಂದರಾಬಾದಿನ ಆಫೀಸಿನವರೆಗೆ ಬಿಡುತ್ತಾಳೆ. ಚಿಂತೆಗಾರನಿಗೆ ಎಡಗಡೆಯ ಸೀಟೇ ಸರಿಯೆಂದು ತಡವಾಗಿ ತಿಳಿಯಿತು. ಗೇರು, ಬ್ರೇಕಿನ ಅಡ್ಡಿಯಿಲ್ಲದೆ ಪೂರ್ತಿ ಗಮನ ಕೊಟ್ಟು ಹೆದರಬಹುದು. ಮೊನ್ನೆ ಅದೇ ಸಿಗ್ನಲ್‌ನಲ್ಲಿ ನಿಂತಿದ್ದೆವು. ಪಕ್ಕದ ಹಳೆಯ ಕಾರಿನಿಂದ ನನ್ನ ವಯಸ್ಸಿನವನೊಬ್ಬ ನಮ್ಮ ಗಾಡಿಯನ್ನೇ ಆಸೆಗಣ್ಣಿನಿಂದ ನೋಡುತ್ತಿದ್ದ. ಅವನಿಗೊಂದು ಮಾತು ಹೇಳೋಣವೆಂದು ಗಾಜು ಇಳಿಸಹೋದೆ. ಅಷ್ಟರಲ್ಲಿ ಹಸಿರು ದೀಪ ಬಿತ್ತು.

“ಹಿಡಕೋರಿ,” ಎಂದಳು ವಿಮಲಾ.

ಹಿಡಿದುಕೊಂಡೆ.