ಮಗ್ಗದ ಪಕ್ಕದ ಜಾಗ

ನಮ್ಮ ಸ್ವಯಂಸೇವಕರ ಗುಂಪಿನಲ್ಲಿ ಆ ಕತೆಯನ್ನು ಇವತ್ತಿಗೂ ಒಂದೇ ತರ ಹೇಳುತ್ತಾರೆ. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಒಬ್ಬಳು ಸೊಸೆ ಇದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದು ಬಾಕಿ ಇತ್ತು. ಅದು ಪಾಸಾಗಿದ್ದರೆ ಅವಳದೇ ಬೀದಿಯ ಅಂಗನವಾಡಿಯಲ್ಲಿ ಕೆಲಸ ಸಿಗುತ್ತಿತ್ತು. ನಾವೆಲ್ಲ ಕಷ್ಟಪಟ್ಟು ಪಾಠ ಹೇಳಿದೆವು, ಆದರೆ ಮಗ್ಗ ಬಿಟ್ಟು ಏಳಲು ಅತ್ತೆ ಬಿಡಲಿಲ್ಲ, ಹುಡುಗಿ ಫೇಲಾದಳು. ಇಲ್ಲಿಗೆ ಬಂದಾಗ ಹೇಳುವವರು ನಿಟ್ಟುಸಿರು ಬಿಡುತ್ತಾರೆ, ಕೇಳುವವರೂ ಬಿಡುತ್ತಾರೆ. ಅತ್ತೆ ಎಂಬ ಪದ ಬಂದ ಮೇಲೆ ಸಾಕ್ಷಿ ಕೇಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ.

ನಾನು ಕೇಳುತ್ತೇನೆ. ಫೇಲಾದದ್ದು ನಿಜ, ಅದೂ ಕೆಲವೇ ಅಂಕಗಳಲ್ಲಿ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಹಾಗೆ ಹೇಳುವವರಲ್ಲಿ ಯಾರೂ ಪರೀಕ್ಷೆಯ ದಿನ ಆ ಮನೆಯಲ್ಲಿ ಇರಲಿಲ್ಲ. ನಾನಿದ್ದೆ, ಮಗ್ಗದ ಪಕ್ಕದಲ್ಲೇ.

ಅಲ್ಲಿಗೆ ಹೋಗಿ ಕೂತದ್ದು ಸೇವಾಮನೋಭಾವದಿಂದ ಎಂದರೆ ಸುಳ್ಳಾದೀತು. ತೊಂಬತ್ತರ ದಶಕದ ಕೊನೆ, ಬಿ.ಎ. ಮುಗಿಸಿ ಚಳ್ಳಕೆರೆಯ ಮನೆಯಲ್ಲಿದ್ದೆ. ಕಾಲೇಜಿನ ಕೊನೆಯ ಚರ್ಚಾಸ್ಪರ್ಧೆಯಲ್ಲಿ ‘ಸಮಾಜಸೇವೆ ಯುವಜನರ ಕರ್ತವ್ಯ’ ಎಂಬ ವಿಷಯಕ್ಕೆ ವಿರೋಧವಾಗಿ ಮಾತಾಡಿ ಬಹುಮಾನ ತಂದಿದ್ದೆ. ಸೇವೆ ಎನ್ನುವುದು ಮಾಡುವವನ ಬಿಡುವಿಗೆ ತಕ್ಕಂತೆ ನಡೆಯುತ್ತದೆ, ಮಾಡಿಸಿಕೊಳ್ಳುವವನ ಅಗತ್ಯಕ್ಕೆ ತಕ್ಕಂತೆ ಅಲ್ಲ ಎಂಬುದು ನನ್ನ ವಾದ. ವೇದಿಕೆಯಿಂದ ಇಳಿಯುವಾಗ ತೀರ್ಪುಗಾರರಾಗಿದ್ದ ನಿವೃತ್ತ ಗಣಿತದ ಮೇಷ್ಟ್ರು ಕೇಳಿದ್ದರು: “ಚೆನ್ನಾಗಿ ಮಾತಾಡಿದೆ ಕಣಮ್ಮ. ಒಂದ್ಸಲನಾದ್ರೂ ಮಾಡಿ ನೋಡಿದ್ದೀಯಾ?” ಅದು ವಾದವಲ್ಲ, ವೈಯಕ್ತಿಕ ಟೀಕೆ ಎಂದೆ. “ಇರ್ಲಿ, ಅದಕ್ಕೇನಂತೆ” ಎಂದು ನಕ್ಕರು. ಆ ನಗು ನನಗೆ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು.

ಸರಿ, ಹುಡುಕಿಯೇ ಬಿಡೋಣ ಎಂದು ಹೊರಟೆ. ಸೇವೆಗೆ ಅವಕಾಶ ಬೇಕಾದಷ್ಟಿದೆ, ಮನಸ್ಸು ಬೇಕು ಅಷ್ಟೇ ಎನ್ನುವವರು ಒಮ್ಮೆ ನಮ್ಮೂರಲ್ಲಿ ಹುಡುಕಿ ನೋಡಬೇಕು. ಆಸ್ಪತ್ರೆಯಲ್ಲಿ ದೊಡ್ಡ ನರ್ಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನು ಓದೀಯವ್ವಾ?” ಎಂದರು. ಬಿ.ಎ. ಅಂದೆ. “ಹಂಗಾದ್ರೆ ಇಲ್ಲೇನ್ ಮಾಡ್ತೀಯಾ? ಜ್ವರ ಬಂದೋರಿಗೆ ಭಾಷಣ ಮಾಡ್ತೀಯಾ?” ಒಂದು ಶಾಲೆಗೆ ಹೋದೆ. ಹೆಡ್‌ಮೇಷ್ಟ್ರು ಕುರ್ಚಿ ಕೊಟ್ಟರು, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು: “ಯಾವ ಪಾರ್ಟಿ ಕಡೆಯೋರಮ್ಮ?” ಯಾವ ಪಾರ್ಟಿಯೂ ಅಲ್ಲ ಎಂದಾಗ ಅವರ ಅನುಮಾನ ಇಮ್ಮಡಿಯಾಯಿತು. “ಹಂಗಾದ್ರೆ ಯಾಕೆ ಬಂದಿದ್ದೀರಿ?” ಮನೆಗೆ ಬಂದರೆ ಅವ್ವ ಕಡಲೆಕಾಯಿ ಸುಲಿಯುತ್ತಾ, “ಎಲ್ಲೂ ಕೆಲಸ ಸಿಗ್ಲಿಲ್ವಾ? ಇಲ್ಲೊಂದು ಮೊರ ಐತೆ, ಬಾ” ಎಂದಳು.

ಕೊನೆಗೆ ಅದೇ ಮೇಷ್ಟ್ರ ಮನೆಗೇ ಹೋಗಬೇಕಾಯಿತು. ಅವರು ಭಾನುವಾರಗಳಂದು ನಾಲ್ಕಾರು ಕಾಲೇಜು ಹುಡುಗರನ್ನು ಕರೆದುಕೊಂಡು ಮೊಳಕಾಲ್ಮೂರಿಗೆ ಹೋಗಿ, ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಬಿಟ್ಟಿ ಪಾಠ ಹೇಳುತ್ತಿದ್ದರು. ನನ್ನನ್ನು ನೋಡಿ ಅವರು ಆ ನಗು ನಗಲಿಲ್ಲ, ಅದಕ್ಕೇ ಸೇರಿದೆ.

ಬಸ್ಸು ತಳಕು, ಹಾನಗಲ್ ದಾಟಿ ಮೊಳಕಾಲ್ಮೂರು ಮುಟ್ಟುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಪಾಠಕ್ಕೆ ಬರುವವರು ವಾರವಾರಕ್ಕೂ ಕಮ್ಮಿಯಾಗುತ್ತಿದ್ದರು. ನಾನು ಮೊದಲು ಹೇಳಿದ ಆ ಸೊಸೆ ಮಾತ್ರ ಚುರುಕಾಗಿದ್ದಳು, ನನಗಿಂತ ಒಂದೆರಡು ವರ್ಷ ಚಿಕ್ಕವಳು. ತ್ರಿಭುಜದ ಪ್ರಮೇಯವನ್ನು ಮೇಷ್ಟ್ರ ಬಾಯಿಂದ ಕಿತ್ತುಕೊಂಡು ತಾನೇ ಮುಗಿಸುವಂಥವಳು. ಅವಳೂ ಬರುವುದನ್ನು ನಿಲ್ಲಿಸಿದಾಗ ಮೇಷ್ಟ್ರು, “ನಿನಗೆ ಮಾತು ಬರುತ್ತಲ್ಲ, ಹೋಗಿ ಮಾತಾಡು” ಎಂದು ನನ್ನನ್ನು ಅವಳ ಮನೆಗೆ ಕಳಿಸಿದರು.

ಬೀದಿಗೆ ಕಾಲಿಟ್ಟರೆ ಪ್ರತಿ ಮನೆಯಿಂದಲೂ ಮಗ್ಗದ ಸದ್ದು. ಅವರ ನಡುಮನೆಯ ಅರ್ಧವನ್ನು ಮಗ್ಗವೇ ನುಂಗಿತ್ತು. ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲಿಳಿಸಿ ಗಂಡ ಕೂತಿದ್ದ, ಅವನ ಪಕ್ಕದಲ್ಲಿ ಅವಳು. ಅವಳು ಯಾಕೆ ಕೂತಿದ್ದಾಳೆಂದು ಮೊದಲು ನನಗೆ ತಿಳಿಯಲಿಲ್ಲ. ಆ ಸೀರೆಗಳ ಒಡಲಿಗೆ ಒಂದು ಬಣ್ಣ, ಎರಡೂ ಅಂಚಿಗೆ ಬೇರೆ ಬಣ್ಣ. ಅದಕ್ಕೆ ಅಡ್ಡನೂಲು ಒಯ್ಯುವ ಲಾಳಿ ಮೂರು ಬೇಕು. ಆಚೆ ಬದಿಯ ಅಂಚಿನ ಲಾಳಿಗೆ ನೇಯುವವನ ಕೈ ಎಟುಕುವುದಿಲ್ಲ, ಅದನ್ನು ಎಸೆಯಲು ಪಕ್ಕದಲ್ಲಿ ಇನ್ನೊಬ್ಬರು ಕೂರಲೇಬೇಕು. ಅವಳೆದ್ದರೆ ಗಂಡನ ಕೈಯೂ ನಿಂತಂತೆ. ಮೊದಲೆಲ್ಲ ಆ ಜಾಗದಲ್ಲಿ ಅತ್ತೆ ಕೂರುತ್ತಿದ್ದರಂತೆ. ಕಣ್ಣಿಗೆ ಪೊರೆ ಬಂದ ಮೇಲೆ ಸೊಸೆ ಕೂತಳು.

ಬಾಗಿಲಲ್ಲಿ ಕೂತಿದ್ದ ಅತ್ತೆಯ ಮುಂದೆ ನಾನು ಮೂರು ಅಂಶ ಮಂಡಿಸಿದೆ: ಸೊಸೆ ಬುದ್ಧಿವಂತೆ, ಅಂಗನವಾಡಿ ಇದೇ ಬೀದಿಯಲ್ಲಿದೆ, ವಾರಕ್ಕೆ ಒಂದು ದಿನ ಬಿಟ್ಟರೆ ಸಾಕು. ಅವರು ಪೂರ್ತಿ ಕೇಳಿಸಿಕೊಂಡು, ಮನೆಮಾತು ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಹೊರಳಿದರು.

“ಏಮಮ್ಮಾ, ಮಗ್ಗಕ್ಕೆ ರಜ ಯಾವತ್ತು, ಗೊತ್ತಾ?”

“ಭಾನುವಾರ?”

“ಭಾನುವಾರ ನಿಮ್ಮ ಕಾಲೇಜಿಗೆ. ಮಗ್ಗಕ್ಕೆ ಅಮಾಸೆ. ಅಮಾಸೆ ದಿನ ಬನ್ನಿ, ಸೊಸೆ ಏನು, ನಾನೂ ಬಂದು ಲೆಕ್ಕ ಕಲೀತೀನಿ.”

“ತಿಂಗಳಿಗೊಂದು ಪಾಠದಲ್ಲಿ ಯಾರು ಪಾಸಾಗ್ತಾರೆ ಅಮ್ಮಾ?”

“ಆಗಲ್ಲ ಅಲ್ವಾ? ಹಂಗಾದ್ರೆ ದಿನಾ ಓದ್ಲಿ. ನಾನೇನು ಬ್ಯಾಡ ಅಂದ್ನಾ? ಅವಳು ಎದ್ದಾಗ ಈ ಕಡೆ ಯಾರು ಕೂರ್ತಾರೆ ಹೇಳು. ನಿಮ್ಮ ಮೇಷ್ಟ್ರು ಪಂಚೆ ಮೇಲೆತ್ತಿ ಕೂರ್ತಾರಾ?”

ಮಗ್ಗದ ಹಿಂದೆ ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನಗೆ ಮೈ ಉರಿಯಿತು. ಉರಿದದ್ದು ಆ ಮಾತಿಗಲ್ಲ, ಆ ವಾದ ನನ್ನದೇ ಎಂಬುದಕ್ಕೆ. ವೇದಿಕೆಯ ಮೇಲೆ ನಾನು ಎಷ್ಟೋ ನಿಮಿಷ ಎಳೆದದ್ದನ್ನು ಆ ಹೆಂಗಸು ಅಮಾವಾಸ್ಯೆಯ ಒಂದೇ ಏಟಿನಲ್ಲಿ ಮುಗಿಸಿದ್ದರು.

“ನಾನು ಕೂರ್ತೀನಿ” ಅಂದೆ.

ಮಗ್ಗ ನಿಂತಿತು. ಗಂಡ ಮೊದಲ ಬಾರಿಗೆ ತಲೆಯೆತ್ತಿದ. “ಬ್ಯಾಡ ಮೇಡಂ. ರೇಷ್ಮೆ ಅದು, ಹರೀತೈತೆ.”

“ಕೂರ್ಲಿ ಬಿಡೋ” ಎಂದರು ಅತ್ತೆ. “ಸೇವೆ ಮಾಡಾಕೆ ಬಂದವ್ಳೆ. ಎಷ್ಟು ದಿನ ಮಾಡ್ತಾಳೋ ನೋಡಾಣ.”

ಹೀಗೆ ನನಗೆ ಕೆಲಸ ಸಿಕ್ಕಿತು. ಅಂಥದೊಂದು ಜಾಗ ಖಾಲಿ ಇದೆ ಎಂದು ಯಾವ ಬೋರ್ಡಿನ ಮೇಲೂ ಬರೆದಿರುವುದಿಲ್ಲ. ಚಳ್ಳಕೆರೆಯಿಂದ ಬೆಳಗಿನ ಬಸ್ಸು ಹಿಡಿದು ದಿನವೂ ಹೋಗತೊಡಗಿದೆ. ಮೇಷ್ಟ್ರೂ ಬಿಡುವು ಮಾಡಿಕೊಂಡು ಬಂದು, ಹಿಂದಿನ ಪಡಸಾಲೆಯಲ್ಲಿ ಅವಳಿಗೆ ಲೆಕ್ಕ ಹೇಳುತ್ತಿದ್ದರು. ನಾನು ಕಡಿಮೆ ಬೆಲೆಯ ಸೀರೆಗಳಿಗೆ ಲಾಳಿ ಎಸೆಯುತ್ತಿದ್ದೆ. ಎಳೆ ಹರಿದೆ, ಗಂಟು ಹಾಕಿಸಿಕೊಂಡೆ, ಬೈಸಿಕೊಂಡೆ. ಗಂಡನಿಗೆ ಬೈಯಲು ಬರುತ್ತಿರಲಿಲ್ಲ, ಸುಮ್ಮನೆ ನಿಲ್ಲಿಸಿ ಕಾಯುತ್ತಿದ್ದ. ಆ ಕಾಯುವಿಕೆಗಿಂತ ಅತ್ತೆಯ ಬಾಯಿಯೇ ವಾಸಿ. ನಿಧಾನವಾಗಿ ಕೈ ಪಳಗಿತು. ಆದರೂ ಮಗ್ಗದ ಲಯ ತಪ್ಪಿದರೆ ಸಾಕು, ಪಡಸಾಲೆಯಿಂದ “ಅಕ್ಕಾ, ಎಳೆ ಬಿಗಿ ಆಯ್ತು!” ಎಂಬ ಅವಳ ಕೂಗು ಬರುತ್ತಿತ್ತು. ಅದರ ಹಿಂದೆಯೇ ಮೇಷ್ಟ್ರ ದನಿ: “ಇಲ್ಲಿ ನೋಡಮ್ಮ, ಇಲ್ಲಿ. ಕಿವಿ ಅಲ್ಲಿಟ್ಟು ಸಮೀಕರಣ ಬಿಡಿಸ್ತಾರಾ?”

ಪರೀಕ್ಷೆ ಬರುವ ಹೊತ್ತಿಗೆ ಮಗ್ಗದ ಮೇಲೆ ಧಾರೆ ಸೀರೆ ಏರಿತ್ತು. ಅದನ್ನು ಉಡುವ ಹುಡುಗಿಯ ಮದುವೆ ಹತ್ತಿರದಲ್ಲಿತ್ತು. ರೇಷ್ಮೆ ಕೊಟ್ಟು ನೇಯಿಸುವ ಮಾಲೀಕರು ಗಣಿತದ ಪರೀಕ್ಷೆಯ ಮರುದಿನ ಬೆಳಿಗ್ಗೆಯೇ ಸೀರೆ ಬೇಕು ಎಂದಿದ್ದರು. ಅದನ್ನು ಮೊದಲಿಂದ ಗಂಡ ಹೆಂಡತಿ ಇಬ್ಬರೇ ನೇಯ್ದಿದ್ದರು, ನನ್ನನ್ನು ಮುಟ್ಟಗೊಟ್ಟಿರಲಿಲ್ಲ. ಕೈ ಬದಲಾದರೆ ಅಂಚು ಒಡಲು ಕೂಡುವಲ್ಲಿ ಗೆರೆ ಬೀಳುತ್ತದಂತೆ. ಗೆರೆ ಬಿದ್ದ ಸೀರೆಯನ್ನು ಧಾರೆಗೆ ಯಾರೂ ಉಡಿಸುವುದಿಲ್ಲ. ಅಂಥ ಸೀರೆ ಕೊಟ್ಟವನಿಗೆ ಮಾಲೀಕರು ಮತ್ತೆ ರೇಷ್ಮೆ ಕೊಡುವುದು ಕಷ್ಟ. ಬೇಗ ಮುಗಿಸಬೇಕೆಂದು ಇಬ್ಬರೂ ಕತ್ತು ನೋಯುವವರೆಗೆ ಕೂತರೂ ಪರೀಕ್ಷೆಯ ದಿನದ ಬೆಳಿಗ್ಗೆ ಇನ್ನೂ ಒಂದಷ್ಟು ಒಡಲು, ಪೂರ್ತಿ ಸೆರಗು ಉಳಿದೇ ಇತ್ತು.

ನಾನು ಹೋದಾಗ ಅವಳು ಜಡೆ ಹಾಕಿಕೊಂಡು, ಹಾಲ್ ಟಿಕೆಟ್ಟನ್ನು ರಟ್ಟಿಗೆ ಸಿಕ್ಕಿಸಿಕೊಂಡು ಸಿದ್ಧವಾಗಿದ್ದಳು. ಆದರೆ ಮಗ್ಗದ ಪಕ್ಕದಲ್ಲಿ ಕೂತಿದ್ದಳು, ಕೈಯಲ್ಲಿ ಲಾಳಿ.

“ಪರೀಕ್ಷೆ ಬರೆದು ಬಂದು ಕೂತ್ರೆ ಮುಗಿಯಲ್ವಾ?” ಎಂದಳು ಗಂಡನಿಗೆ.

“ಮಧ್ಯಾಹ್ನದ ಮೇಲೆ ಶುರು ಮಾಡಿದ್ರೆ ಮುಗಿಯಲ್ಲ” ಎಂದ ಅವನು. ಅವಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಆಗ ಎದ್ದವರು ಅತ್ತೆ. ನಮ್ಮ ಗುಂಪಿನವರು ದಯವಿಟ್ಟು ಇದನ್ನು ಕೇಳಬೇಕು. ಗೋಡೆ ತಡವಿಕೊಂಡು ಬಂದು, ಸೊಸೆಯ ಬೆರಳು ಬಿಡಿಸಿ ಲಾಳಿ ಕಿತ್ತುಕೊಂಡು ನನ್ನ ಕೈಗೆ ಹಾಕಿದರು. “ಹೋಗೇ. ಬೆಲ್ ಹೊಡೆಯೋ ಹೊತ್ತಾಯ್ತು. ಗೆರೆ ಬಿದ್ರೆ ಮಾಲೀಕರ ಹತ್ರ ನಾನ್ ಮಾತಾಡ್ತೀನಿ. ನಿನ್ನ ಹಣೇಲಿ ಗೆರೆ ಬಿದ್ರೆ ಯಾರ ಹತ್ರ ಮಾತಾಡ್ಲಿ?” ಅವಳು ಹೊಸಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದಳು. ಅತ್ತೆಯನ್ನಲ್ಲ, ಸೀರೆಯನ್ನು.

ಗಂಡ ಎಳೆ ಬಡಿದು ಕೂಡಿಸುವ ಹಣಿಗೆಗೆ ಕೈ ಇಟ್ಟ. ನಾನು ಲಾಳಿ ಎಸೆದೆ. ಅತ್ತೆ ನನ್ನ ಪಕ್ಕದಲ್ಲೇ ಕೂತು, ಹೊಸದಾಗಿ ಕೂಡಿದ ಅಂಚಿನ ಮೇಲೆ ಬೆರಳ ತುದಿ ಆಡಿಸುತ್ತಿದ್ದರು. ಒಂದಿಷ್ಟು ಎಳೆ ಹೋಗುವಷ್ಟರಲ್ಲಿ ಬೆರಳು ನಿಂತಿತು.

“ಏಮಮ್ಮಾ, ಅದೇನು ಎತ್ತಿನ ಹಗ್ಗನಾ? ಹಂಗೆ ಎಳೀತೀಯಲ್ಲ!”

ಗಂಡ ಆ ಎಳೆಗಳನ್ನು ಹಿಂದಕ್ಕೆ ಬಿಚ್ಚಿದ. ಅವನ ಕತ್ತಿನ ಬೆವರು ಬನಿಯನ್ನಿಗೆ ಇಳಿಯುತ್ತಿತ್ತು. ಮತ್ತೆ ಶುರು. ಲಾಳಿ, ಹಣಿಗೆ, ಬೆರಳು. ಲಾಳಿ, ಹಣಿಗೆ, ಬೆರಳು. ಆ ಬೆರಳು ಎಲ್ಲಿ ನಿಲ್ಲುತ್ತದೋ ಎಂಬ ಭಯದಲ್ಲೇ ನಾನು ಉಸಿರಾಡುತ್ತಿದ್ದೆ. ಅದು ಮತ್ತೆ ನಿಲ್ಲಲಿಲ್ಲ. ಅತ್ತೆ “ಹ್ಞೂಂ” ಎಂದರು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ “ಹ್ಞೂಂ”. ಗಂಡನ ಭುಜ ಸಡಿಲವಾಯಿತು. ಆ ಸೀರೆ ಮರುದಿನ ಒಂದು ತಕರಾರೂ ಇಲ್ಲದೆ ಮಾಲೀಕರ ಕೈ ಸೇರಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆ ಗೆರೆಯ ಮೇಲೆ ತಪ್ಪು ಹೊರಿಸುವಂತಿಲ್ಲ.

ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದರು. ಅವಳು. ಏದುಸಿರು, ಕೈಯಲ್ಲಿ ರಟ್ಟು, ಚಪ್ಪಲಿ ಬಿಡುವುದನ್ನೂ ಮರೆತು ನೇರ ಮಗ್ಗದ ಹತ್ತಿರ ಬಂದು ಬಗ್ಗಿದಳು. ಅಂಚಿನ ಮೇಲೆ ಬೆರಳಾಡಿಸಿದಳು, ಅತ್ತೆಯ ಹಾಗೆಯೇ.

“ಯಾರದು? ನೀನೇನೇ? ಮುಗೀತಾ?” ಎಂದರು ಅತ್ತೆ.

“ಮುಗೀತು.”

“ಇಷ್ಟು ಬೇಗ?”

“ಸುಲಭ ಇತ್ತತ್ತೆ.” ಬೆರಳನ್ನು ಸೀರೆಯಿಂದ ತೆಗೆಯದೆಯೇ ಇನ್ನೊಂದು ಕೈಯಿಂದ ನನ್ನ ಭುಜ ಮುಟ್ಟಿದಳು. “ಏಳಕ್ಕಾ. ನಾನು ಕೂರ್ತೀನಿ.”

ಆಗ ಶಾಲೆಯ ಬೆಲ್ಲು ಕೇಳಿಸಿತು. ಶಾಲೆ ಹಿಂದಿನ ಬೀದಿಯಲ್ಲೇ ಇತ್ತು. ಪರೀಕ್ಷೆ ಮುಗಿದಾಗ ಹೊಡೆಯುವ ಉದ್ದದ ಬೆಲ್ಲಲ್ಲ ಅದು. ಅರ್ಧ ಹೊತ್ತು ಕಳೆಯಿತು, ಇನ್ನರ್ಧ ಬಾಕಿ ಇದೆ ಎಂದು ಬರೆಯುವವರಿಗೆ ತಿಳಿಸುವ ಸಣ್ಣ ಬೆಲ್ಲು. ಅತ್ತೆಯ ಮುಖ ಆ ಕಡೆ ತಿರುಗಿತು. ಗಂಡ ಹಣಿಗೆಯ ಮೇಲಿನ ಕೈಯನ್ನು ನಿಧಾನಕ್ಕೆ ಕೆಳಗಿಳಿಸಿದ. ಅವಳೊಬ್ಬಳೇ ಏನೂ ಕೇಳಿಸದವಳಂತೆ ನನ್ನ ಕೈಯಲ್ಲಿದ್ದ ಲಾಳಿಯನ್ನು ಹಿಡಿದು ಎಳೆಯುತ್ತಿದ್ದಳು.

ನಾನು ಬಿಡಲಿಲ್ಲ.

“ನನ್ನ ಮುಖ ನೋಡಿ ಹೇಳು,” ಎಂದೆ. “ಲೆಕ್ಕ ಎಲ್ಲಾ ಮಾಡಿ ಎದ್ದು ಬಂದ್ಯಾ, ಇಲ್ಲ, ನಾನೆಲ್ಲಿ ಸೀರೆ ಕೆಡಿಸ್ತೀನೋ ಅಂತ ಬಂದ್ಯಾ?”